ಹವಾಮಾನ ಹೊಂದಾಣಿಕೆಯ ಸಂಶೋಧನಾ ತರಬೇತಿ: ಹೊರಡುವ ಮುನ್ನ, ಹೋದ ಮೇಲೆ

ಕೃಷಿ, ಜಲವಿಜ್ಞಾನ, ಅರ್ಥಶಾಸ್ತ್ರ, ಸಮಾಜಶಾಸ್ತ್ರದವರನ್ನು ಒಂದೇ ಕೋಣೆಯಲ್ಲಿ ಕೂರಿಸುವ ತರಬೇತಿಗೆ ಅರ್ಜಿ ಹಾಕುವಾಗ ಪ್ರಶ್ನೆ ಚಿಕ್ಕದಿರಲಿ. ‘ಉತ್ತರ ಕರ್ನಾಟಕದ ಮೇಲೆ ಹವಾಮಾನ ಬದಲಾವಣೆಯ ಪರಿಣಾಮ’ ಎಂದು ಬರೆದರೆ ಎರಡು ವಾರದ ತರಬೇತಿಯಲ್ಲಿ ಎಲ್ಲಿಗೂ ಮುಟ್ಟುವುದಿಲ್ಲ. ‘ಗದಗ ಜಿಲ್ಲೆಯ ಒಂದು ಹೋಬಳಿಯಲ್ಲಿ, ಹಿಂಗಾರು ಕಡಲೆಗೆ ಒಮ್ಮೆ ನೀರು ಕೊಡಲು ಕೃಷಿ ಹೊಂಡ ಸಾಲುತ್ತದೆಯೇ?’ ಎಂದು ಕೇಳಿ. ಇದಕ್ಕೆ ಮಳೆ, ಮಣ್ಣು, ಹೊಂಡದ ಖರ್ಚು ಮೂರೂ ಬೇಕು; ತಂಡದಲ್ಲಿ ಯಾರೂ ಸುಮ್ಮನೆ ಕೂರಬೇಕಾಗುವುದಿಲ್ಲ.

ಲೆಕ್ಕವನ್ನು ಮನೆಯಲ್ಲೇ ಒಮ್ಮೆ ಹಾಕಿ ನೋಡಿ. ಹೊಂಡದ ಮೇಲ್ಭಾಗ 21×21 ಮೀಟರ್, ಆಳ 3 ಮೀಟರ್, ಬದಿಯ ಇಳಿಜಾರು 1:1 ಇದ್ದರೆ ತಳ 15×15 ಆಗುತ್ತದೆ, ಹಿಡಿಯುವ ನೀರು ಸುಮಾರು 980 ಘನ ಮೀಟರ್. ಒಂದು ಎಕರೆಗೆ 50 ಮಿ.ಮೀ. ಕೊಡಲು 200 ಘನ ಮೀಟರ್ ಬೇಕು. ಕಾಗದದ ಮೇಲೆ ನಾಲ್ಕೂವರೆ ಎಕರೆಗೆ ಧಾರಾಳ. ಆವಿಯಾಗುವುದು, ಇಂಗುವುದು, ಹೊಂಡ ಅರ್ಧವೇ ತುಂಬುವುದು ಇವೆಲ್ಲ ಸೇರಿದ ಮೇಲೆ ಏನು ಉಳಿಯುತ್ತದೆ ಎಂಬುದೇ ನಿಮ್ಮ ಸಂಶೋಧನೆ.

ಡೇಟಾವನ್ನು ಹೊರಡುವ ಮೊದಲೇ ಇಳಿಸಿಕೊಳ್ಳಿ. ಭಾರತೀಯ ಹವಾಮಾನ ಇಲಾಖೆಯ ಗ್ರಿಡ್ ಮಳೆ (ನಕ್ಷೆಯನ್ನು ಚೌಕಗಳಾಗಿ ಭಾಗಿಸಿ ಪ್ರತಿ ಚೌಕಕ್ಕೆ ಕೊಟ್ಟ ಅಂಕಿ) 0.25 ಡಿಗ್ರಿಯದು, ಒಂದು ಚೌಕ ಸುಮಾರು 27 ಕಿ.ಮೀ. ಅಗಲ, ಅಂದರೆ ಸಾಮಾನ್ಯ ಹೋಬಳಿಗಿಂತ ದೊಡ್ಡದು. ಉಷ್ಣಾಂಶದ ಗ್ರಿಡ್ 1 ಡಿಗ್ರಿಯದು, ಇನ್ನೂ ಒರಟು. ಹೋಬಳಿ ಮಟ್ಟಕ್ಕೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳ ಅಂಕಿ ಬೇಕಾಗುತ್ತದೆ. ಅದಕ್ಕೆ ಬೇಗ ಕೋರಿಕೆ ಸಲ್ಲಿಸಿ.

ಇಲಾಖೆಯ ಫೈಲ್‌ಗಳಲ್ಲಿ ಇಲ್ಲದ ಮಳೆಗೆ -999, ಇಲ್ಲದ ಉಷ್ಣಾಂಶಕ್ಕೆ 99.9 ಎಂದಿರುತ್ತದೆ. ಮೊದಲನೆಯದು ಥಟ್ಟನೆ ಕಣ್ಣಿಗೆ ಬೀಳುತ್ತದೆ, ಎರಡನೆಯದು ಬೀಳುವುದಿಲ್ಲ. 32 ಡಿಗ್ರಿ ಸರಾಸರಿಯ ತಿಂಗಳಲ್ಲಿ ಅಂಥ ಒಂದೇ ದಿನ ಉಳಿದುಬಿಟ್ಟರೂ ಸರಾಸರಿ 34 ದಾಟುತ್ತದೆ, ನೋಡುವವರಿಗೆ ತಾಪಮಾನ ಏರಿಕೆಯಂತೆಯೇ ಕಾಣುತ್ತದೆ. ಇನ್ನೊಂದು ತೊಡಕು: ಇಲಾಖೆಯ ಮಳೆ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. ಇಆರ್‌ಎ5 ಎಂಬ ಯುರೋಪಿನ ಗಂಟೆವಾರು ಹವಾಮಾನ ದತ್ತಾಂಶ ಯುಟಿಸಿ (ಭಾರತದ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಲೆಕ್ಕದಲ್ಲಿದೆ. ಗಂಟೆವಾರು ಮಳೆಯನ್ನು 3 ಯುಟಿಸಿಯಿಂದ ಮರುದಿನ 3 ಯುಟಿಸಿವರೆಗೆ ಕೂಡಿಸದಿದ್ದರೆ ಎರಡೂ ತಾಳೆಯಾಗುವುದಿಲ್ಲ.

ತಂಡ ಕೂಡಿದ ಮೊದಲ ಸಂಜೆಯೇ ಪ್ರತಿಯೊಬ್ಬರೂ ತಮ್ಮ ಅಳತೆಯ ಘಟಕ ಬರೆಯಲಿ. ಜಲತಜ್ಞರಿಗೆ ಜಲಾನಯನ, ಕೃಷಿ ವಿಜ್ಞಾನಿಗೆ ತಾಕು ಮತ್ತು ಹಂಗಾಮು, ಅರ್ಥಶಾಸ್ತ್ರಜ್ಞರಿಗೆ ಕುಟುಂಬ ಮತ್ತು ವರ್ಷ. ಇದನ್ನು ಹೊಂದಿಸದೆ ಮುಂದೆ ಹೋದ ತಂಡಗಳು ಕೊನೆಯ ದಿನ ನಾಲ್ಕು ಬೇರೆ ಬೇರೆ ವರದಿಗಳನ್ನು ಪಿನ್ ಹೊಡೆದು ಕೊಡುತ್ತವೆ.

ಹಳ್ಳಿಗೆ ಹೋದಾಗ ರೈತರನ್ನು ‘ಅಕ್ಟೋಬರ್ ಮಳೆ ಹೇಗಿತ್ತು?’ ಎಂದು ಕೇಳಬೇಡಿ. ಹಸ್ತ ಮಳೆ, ಚಿತ್ತಾ ಮಳೆ ಹೇಗೆ ಬಂದವು ಎಂದು ಕೇಳಿ, ಉತ್ತರ ಖಚಿತವಾಗಿ ಬರುತ್ತದೆ. ಹಸ್ತ ಮಳೆ ಸೆಪ್ಟೆಂಬರ್ 27ರ ಆಸುಪಾಸು ಹುಟ್ಟಿ ಹದಿಮೂರು-ಹದಿನಾಲ್ಕು ದಿನ ಇರುತ್ತದೆ. ತಿಂಗಳವಾರು ಕೂಡಿಸಿದರೆ ಅದು ಎರಡು ತಿಂಗಳಿಗೆ ಹಂಚಿಹೋಗುತ್ತದೆ. ಜೂನ್–ಸೆಪ್ಟೆಂಬರ್ ಮೊತ್ತ ಹಿಡಿದರಂತೂ ಹಿಂಗಾರಿಯ ಮಾತೇ ಅಳಿಸಿಹೋಗುತ್ತದೆ. ದಿನವಾರು ಮಳೆಯನ್ನು ನಕ್ಷತ್ರವಾರು ಕೂಡಿಸಿ. ರೈತರ ನೆನಪೂ ಗ್ರಿಡ್ ಅಂಕಿಯೂ ಒಂದೇ ಕೋಷ್ಟಕದಲ್ಲಿ ಕೂರುತ್ತವೆ. ವರ್ಷ ನೆನಪಿಸಲು 2009ರ ನೆರೆ, 2019ರ ನೆರೆಯನ್ನು ಗುರುತಾಗಿಟ್ಟುಕೊಳ್ಳಿ.

ದುರ್ಬಲತೆಯ ಸೂಚ್ಯಂಕ (ಹವಾಮಾನದ ಹೊಡೆತಕ್ಕೆ ಯಾರು ಎಷ್ಟು ಸಿಲುಕುತ್ತಾರೆ ಎಂಬ ಅಂಕ) ಮಾಡುವುದಾದರೆ ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿಯಾದ ಐಪಿಸಿಸಿಯ 2007ರ ಚೌಕಟ್ಟೋ 2014ರದೋ ಮೊದಲೇ ತೀರ್ಮಾನಿಸಿ. ಹಳೆಯದರಲ್ಲಿ ಹವಾಮಾನದ ಒತ್ತಡ ದುರ್ಬಲತೆಯ ಒಳಗೇ ಇದೆ. ಹೊಸದರಲ್ಲಿ ಅಪಾಯಕಾರಿ ಘಟನೆ ಬೇರೆ ಅಂಶ. ಬೆರೆಸಿದರೆ ಬರವನ್ನು ಎರಡು ಸಲ ಎಣಿಸಿದಂತೆ.

ಮುಂದಿನ ದಶಕಗಳ ಅಂದಾಜಿಗೆ ಒಂದೇ ಹವಾಮಾನ ಮಾದರಿಯನ್ನು (ಕಂಪ್ಯೂಟರ್ ಲೆಕ್ಕಾಚಾರವನ್ನು) ನೆಚ್ಚಬೇಡಿ. ಹಲವು ಮಾದರಿಗಳ ಕನಿಷ್ಠ, ಗರಿಷ್ಠ ಎರಡನ್ನೂ ತೋರಿಸಿ.

ಊರಿಗೆ ಮರಳುವ ಮುನ್ನ ಕೋಡ್ ಯಾರ ಬಳಿ ಇರುತ್ತದೆ, ಲೇಖನದಲ್ಲಿ ಹೆಸರುಗಳ ಕ್ರಮವೇನು, ಸಮೀಕ್ಷೆಯ ಹಾಳೆಯಿಂದ ರೈತರ ಹೆಸರು ತೆಗೆಯುವವರು ಯಾರು ಎಂಬುದನ್ನು ಬರಹದಲ್ಲಿ ಮುಗಿಸಿಕೊಳ್ಳಿ. ಎಲ್ಲರೂ ಅವರವರ ಊರು ಸೇರಿದ ಮೇಲೆ ಇದು ಇಮೇಲ್‌ನಲ್ಲಿ ತಿಂಗಳುಗಟ್ಟಲೆ ಎಳೆಯುತ್ತದೆ.