ಪೌರತ್ವದ ಜಗಳ ಬದಿಗಿಟ್ಟು ಶಾಲೆಗೆ ಸೇರಿಸಿದ್ದು

ನಿರಾಶ್ರಿತರ ಮಕ್ಕಳನ್ನು, ಯಾವ ದೇಶದ ಪೌರತ್ವವೂ ಇಲ್ಲದ ಮಕ್ಕಳನ್ನು ಪ್ರಾಥಮಿಕ ಶಾಲೆಗೆ ಸೇರಿಸುವುದು ನನ್ನ ವಕೀಲಿಯ ದೊಡ್ಡ ಪಾಲು. ಕೋರ್ಟಿಗೆ ಹೋಗುವುದು ಕಡಿಮೆ. ಜಾಸ್ತಿ ಹೊತ್ತು ಕಳೆಯುವುದು ಶಾಲೆಯ ಗುಮಾಸ್ತರ ಮೇಜಿನ ಮುಂದೆ.

ಅಲ್ಲಿ ಮೊದಲು ಕೇಳುವುದು ಜನನ ಪ್ರಮಾಣಪತ್ರ. ಇಲ್ಲ ಎಂದರೆ, ನಿಮ್ಮ ದೇಶದ ರಾಯಭಾರ ಕಚೇರಿಯಿಂದ ತನ್ನಿ ಅನ್ನುತ್ತಾರೆ. ಯಾವ ಸರ್ಕಾರಕ್ಕೆ ಹೆದರಿ ಓಡಿಬಂದರೋ ಅದರ ಬಾಗಿಲನ್ನೇ ತಟ್ಟಬೇಕಂತೆ! ಪೌರತ್ವ ಇಲ್ಲದವರಿಗಂತೂ ತಟ್ಟಲು ಬಾಗಿಲೇ ಇಲ್ಲ.

ನಾನು ಪೌರತ್ವದ ಚರ್ಚೆಗೆ ಇಳಿಯುವುದೇ ಇಲ್ಲ. ಅದು ಮುಗಿಯುವಷ್ಟರಲ್ಲಿ ಮಗು ಒಂದನೇ ತರಗತಿಯ ವಯಸ್ಸು ದಾಟಿರುತ್ತದೆ. ಶಾಲೆಗೆ ನಿಜವಾಗಿ ಬೇಕಿರುವುದು ವಯಸ್ಸು, ಅಲ್ವಾ? ಅದಕ್ಕೆ ಲಸಿಕೆ ಕಾರ್ಡು ಅಥವಾ ನಿರಾಶ್ರಿತರ ನೋಂದಣಿ ಪತ್ರ ಇಡುತ್ತೇನೆ. ಎರಡೂ ಇಲ್ಲದಿದ್ದರೆ ಪೋಷಕರ ಅಫಿಡವಿಟ್. ಉಳಿದ ದಾಖಲೆ ಬರುವವರೆಗೆ ತಾತ್ಕಾಲಿಕವಾಗಿ ಸೇರಿಸಿಕೊಳ್ಳಿ ಎಂದು ಅರ್ಜಿ ಬರೆಯುತ್ತೇನೆ. ಎಲ್ಲ ಕಾಗದದಲ್ಲೂ ಹುಟ್ಟಿದ ದಿನ ಒಂದೇ ಇರಬೇಕು, ಹೆಸರಿನ ಕಾಗುಣಿತವೂ ಒಂದೇ. ಮುಂದೆ ಪರೀಕ್ಷೆಗೆ ನೋಂದಾಯಿಸುವಾಗ ಕಾಡುವುದು ಇದೇ.

ಅರ್ಜಿಯಲ್ಲಿ ಕಾನೂನು ಚಿಕ್ಕದಾಗಿದ್ದರೆ ಓದುತ್ತಾರೆ. 1951ರ ನಿರಾಶ್ರಿತರ ಒಪ್ಪಂದದ 22ನೇ ವಿಧಿ ಪ್ರಾಥಮಿಕ ಶಿಕ್ಷಣದಲ್ಲಿ ನಿರಾಶ್ರಿತರನ್ನು ದೇಶದ ಪ್ರಜೆಗಳಂತೆಯೇ ಕಾಣಬೇಕು ಎನ್ನುತ್ತದೆ. ಪೌರತ್ವ ಇಲ್ಲದವರಿಗೆ 1954ರ ಒಪ್ಪಂದವಿದೆ, ಅದರ 22ನೇ ವಿಧಿಯಲ್ಲೂ ಇದೇ ಮಾತು. ಇವೆರಡಕ್ಕೂ ಸೇರದ ದೇಶಗಳಲ್ಲಿ ನಾನು 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ ಹಿಡಿಯುತ್ತೇನೆ. ವಿಶ್ವಸಂಸ್ಥೆಯ ಸದಸ್ಯರಲ್ಲಿ ಅದನ್ನು ಸ್ಥಿರೀಕರಿಸದೆ ಉಳಿದಿರುವುದು ಅಮೆರಿಕ ಒಂದೇ. ಅದರ 28ನೇ ವಿಧಿ ಪ್ರಾಥಮಿಕ ಶಿಕ್ಷಣ ಕಡ್ಡಾಯ, ಉಚಿತ ಎನ್ನುತ್ತದೆ. 2ನೇ ವಿಧಿಯ ಪ್ರಕಾರ ಆ ಹಕ್ಕು ದೇಶದ ವ್ಯಾಪ್ತಿಯಲ್ಲಿರುವ ಪ್ರತಿ ಮಗುವಿಗೂ ಸೇರಿದ್ದು. ತಮಾಷೆ ಏನೆಂದರೆ, ಅದೇ ಅಮೆರಿಕದ ಸುಪ್ರೀಂ ಕೋರ್ಟ್ 1982ರಲ್ಲೇ ತನ್ನ ಸಂವಿಧಾನದ ಆಧಾರದ ಮೇಲೆ, ವಲಸೆಯ ದಾಖಲೆ ಇಲ್ಲದ ಮಕ್ಕಳಿಗೂ ಸರ್ಕಾರಿ ಶಾಲೆಯ ಬಾಗಿಲು ಮುಚ್ಚುವಂತಿಲ್ಲ ಎಂದಿತ್ತು. ಹಾಗಾಗಿ ಆಯಾ ದೇಶದ ಸಂವಿಧಾನ, ಶಿಕ್ಷಣ ಕಾಯ್ದೆಯನ್ನು ಮೊದಲು ಓದುತ್ತೇನೆ. ಗುಮಾಸ್ತರಿಗೆ ಗೊತ್ತಿರುವ ಕಾನೂನು ಅದೇ.

ಆದರೂ ಆಗಲ್ಲ ಅಂದರೆ ವಾದ ಮಾಡುವುದಿಲ್ಲ. ಕಾರಣ ಬರೆದು, ಸಹಿ ಹಾಕಿ ಕೊಡಿ ಅನ್ನುತ್ತೇನೆ. ಬಾಯಲ್ಲಿ ಸುಲಭವಾಗಿ ಹೇಳಿದ್ದನ್ನು ಬರೆದುಕೊಡಲು ಬಹಳ ಜನ ಹಿಂಜರಿಯುತ್ತಾರೆ. ಬರೆದುಕೊಟ್ಟರೂ ಒಳ್ಳೆಯದೇ, ಮೇಲ್ಮನವಿಗೆ ಅದೇ ಆಧಾರ.

ಸೇರಿದ ಮೇಲೂ ಮಗುವನ್ನು ಯಾವ ತರಗತಿಯಲ್ಲಿ ಕೂರಿಸಿದರು ಎಂದು ನೋಡಬೇಕು. ಡೊಮಿನಿಕನ್ ಗಣರಾಜ್ಯದಲ್ಲಿ ಜನನ ಪ್ರಮಾಣಪತ್ರ ಇಲ್ಲದ ಹುಡುಗಿಯೊಬ್ಬಳು ದೊಡ್ಡವರ ಸಂಜೆ ಶಾಲೆಗೆ ಹೋಗಬೇಕಾಗಿತ್ತು. 2005ರಲ್ಲಿ ಅಂತರ-ಅಮೆರಿಕ ಮಾನವ ಹಕ್ಕುಗಳ ನ್ಯಾಯಾಲಯ ಆ ಪ್ರಕರಣದಲ್ಲಿ ಸರ್ಕಾರದ ವಿರುದ್ಧ ತೀರ್ಪು ಕೊಟ್ಟಿತು. ಇಂಥ ಸಂಜೆ ತರಗತಿಯನ್ನು ಯಾರಾದರೂ ಮುಂದಿಟ್ಟರೆ ಒಪ್ಪಬೇಡಿ ಎಂದು ಪೋಷಕರಿಗೆ ಮೊದಲೇ ಹೇಳಿರುತ್ತೇನೆ.