ಕೂದಲು ಕಸಿಯ ನಂತರ ಹಕ್ಕಳೆ ನೋಡಿಕೊಂಡ ಬಗೆ: ನನ್ನ ಅನುಭವ

ಹೇರ್ ಟ್ರಾನ್ಸ್‌ಪ್ಲಾಂಟ್ ಆದ ಮೊದಲ ವಾರ ಎಲ್ಲರ ಕಣ್ಣೂ ಗ್ರಾಫ್ಟ್‌ಗಳ, ಅಂದರೆ ನೆಟ್ಟ ಕೂದಲಿನ ಬುಡಗಳ ಮೇಲೆಯೇ. ನನ್ನ ಮಟ್ಟಿಗೆ ಕಣ್ಣಿಡಬೇಕಾದದ್ದು ಹಕ್ಕಳೆಯ ಮೇಲೆ. ನೆಟ್ಟ ಒಂದೊಂದು ಬುಡದ ಸುತ್ತಲೂ ರಕ್ತ, ನೀರು ಒಸರಿ ಒಣಗಿ ಸಾಸಿವೆಗಿಂತ ಚಿಕ್ಕ ಹಕ್ಕಳೆ ಕಟ್ಟುತ್ತದೆ. ಅದು ಕೂದಲಿಗೂ ಅಂಟಿರುತ್ತದೆ, ಚರ್ಮಕ್ಕೂ ಅಂಟಿರುತ್ತದೆ. ಹಸಿಯಾಗಿದ್ದರೆ ತಾನಾಗಿ ಇಳಿಯುತ್ತದೆ. ಒಣಗಿ ಗಟ್ಟಿಯಾದದ್ದನ್ನು ಉಗುರಲ್ಲಿ ಎಬ್ಬಿಸಿದರೆ ಬುಡವೂ ಜೊತೆಗೇ ಬರುತ್ತದೆ.

ಎಷ್ಟು ದಿನ ಹುಷಾರಾಗಿರಬೇಕು ಅನ್ನುವುದು ಬುಡ ಬೇರೂರುವ ಲೆಕ್ಕಕ್ಕೆ ಸೇರಿದ ಮಾತು. ಮೊದಲ ಎರಡು ಮೂರು ದಿನ ಗ್ರಾಫ್ಟ್‌ಗೆ ಸ್ವಂತ ರಕ್ತನಾಳವೇ ಇರುವುದಿಲ್ಲ, ಸುತ್ತಲಿನ ದ್ರವದಿಂದ ಹೀರಿಕೊಂಡು ಬದುಕಿರುತ್ತದೆ. ಆಮೇಲೆ ಸೂಕ್ಷ್ಮ ನಾಳಗಳು ಒಂದೊಂದಾಗಿ ಕೂಡಿಕೊಳ್ಳುತ್ತವೆ. ಆರನೇ ದಿನದ ಹೊತ್ತಿಗೆ ಬರೀ ಕೂದಲನ್ನು ಮೆಲ್ಲಗೆ ಎಳೆದರೆ ಬುಡ ಕದಲುವುದಿಲ್ಲ, ಆದರೆ ಅಂಟಿಕೊಂಡ ಹಕ್ಕಳೆಯನ್ನು ಕಿತ್ತರೆ ಎಂಟನೇ ದಿನದವರೆಗೂ ಅಪಾಯ ಉಂಟು. 9-10 ದಿನ ಕಳೆದರೆ ಬುಡ ಕೂತಿದೆ ಅಂತಲೇ ಲೆಕ್ಕ. ಸಿಗರೇಟು ಸೇದುವವರಲ್ಲಿ, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಲ್ಲಿ ಗಾಯ ಮಾಯುವುದು ನಿಧಾನ, ಹಾಗಾಗಿ ಅವರು ಇದಕ್ಕೆ ಇನ್ನೂ ಕೆಲವು ದಿನ ಸೇರಿಸಿಕೊಳ್ಳಬೇಕು. ನಿಮ್ಮ ಸರ್ಜನ್ ಬೇರೆ ದಿನ ಹೇಳಿದ್ದರೆ ಅವರ ಮಾತೇ ನಡೆಯಲಿ. ನಿಮ್ಮ ತಲೆಯನ್ನು ಕಣ್ಣಾರೆ ಕಂಡವರು ಅವರು.

ಮೊದಲು ಸ್ಪ್ರೇ. 0.9% ಸಲೈನ್ ತುಂಬಿದ, ಮಂಜಿನಂತೆ ಸಿಂಪಡಿಸುವ ಬಾಟಲಿ ಬೇಕು. ಗುಂಡಿ ಒತ್ತಿದರೆ ಧಾರೆ ಹಾರುವ ಬಾಟಲಿ ಬೇಡ. ಒಂದು ಗೇಣು ದೂರದಿಂದ, ಮೊದಲ ದಿನ ಎಚ್ಚರವಿರುವಷ್ಟು ಹೊತ್ತು ಅರ್ಧ ಗಂಟೆಗೊಮ್ಮೆ, ಎರಡು ಮೂರನೇ ದಿನ ಗಂಟೆ ಎರಡು ಗಂಟೆಗೊಮ್ಮೆ, ಆಮೇಲೆ ವಾರ ತುಂಬುವವರೆಗೆ ದಿನಕ್ಕೆ ನಾಲ್ಕೈದು ಸಲ ಸಿಂಪಡಿಸಿದರೆ ಸಾಕು. ಹಣೆಗೆ ಇಳಿದ ಹನಿಯನ್ನು ಹುಬ್ಬಿನ ಹತ್ತಿರ ಗಾಜ್ ಬಟ್ಟೆಯಲ್ಲಿ ಒತ್ತಿಕೊಳ್ಳಬೇಕು. ನೆಟ್ಟ ಜಾಗದ ಅಂಚಿನಿಂದ ಕೆಳಕ್ಕೆ ಒರೆಸಿದರೆ ಮುಂದಿನ ಸಾಲಿಗೇ ಕೈ ತಗಲುತ್ತದೆ.

ಇನ್ನು ತೊಳೆಯುವುದು. ತಪ್ಪುಗಳೆಲ್ಲ ಆಗುವುದು ಇಲ್ಲೇ. ಎರಡನೇ ಅಥವಾ ಮೂರನೇ ದಿನದಿಂದ ದಿನಕ್ಕೊಂದು ಸಲ, ಕ್ಲಿನಿಕ್ ಯಾವತ್ತು ಶುರು ಮಾಡಿ ಅಂದಿದೆಯೋ ಅವತ್ತಿನಿಂದ. ಒಂದು ಮಗ್ ಉಗುರು ಬೆಚ್ಚಗಿನ ನೀರಿಗೆ ಒಂದು ಟೀ ಚಮಚ ಬೇಬಿ ಶಾಂಪೂ ಹಾಕಿ ನೊರೆ ಬರುವ ಹಾಗೆ ಕದಡಬೇಕು. ಶಾಂಪೂವನ್ನು ನೇರ ತಲೆಗೆ ಸುರಿದರೆ ನೊರೆ ಬರಿಸಲು ಉಜ್ಜಲೇಬೇಕಾಗುತ್ತದೆ. ಮೊದಲೇ ನೊರೆ ಮಾಡಿಕೊಂಡರೆ ಆ ಗೋಜಿಲ್ಲ. ಮೇಲಿನ ನೊರೆಯನ್ನು ಅಂಗೈಯಲ್ಲಿ ತೆಗೆದು ನೆಟ್ಟ ಜಾಗದ ಮೇಲೆ ಇಡುವುದು, ಅಷ್ಟೆ. ಕೈ ನೊರೆಗೆ ತಾಗಬೇಕು, ಚರ್ಮಕ್ಕೆ ತಾಗಬಾರದು. ಐದರಿಂದ ಹತ್ತು ನಿಮಿಷ ಹಾಗೇ ಬಿಟ್ಟು, ಮಗ್ಗನ್ನು ತಲೆಯ ಹತ್ತಿರವೇ ಹಿಡಿದು ನೀರು ಹರಿಬಿಡಬೇಕು. ಮೂರು ನಾಲ್ಕು ಮಗ್ ನೀರು ಬೇಕಾಗುತ್ತದೆ. ಶವರ್‌ನ ರಭಸ ಹತ್ತು ದಿನ ಬೇಡ, ಬಿಸಿ ನೀರೂ ಬೇಡ. ಹಿಂದಲೆಯಲ್ಲಿ ಬುಡ ತೆಗೆದ ಜಾಗವನ್ನು ಮಾತ್ರ ಮೊದಲಿನಿಂದಲೂ ಬೆರಳ ತುದಿಯಲ್ಲಿ ಹಗುರಾಗಿ ಸವರಿ ತೊಳೆಯಬಹುದು. ಅಲ್ಲಿ ಕೀಳುವುದಕ್ಕೆ ಏನೂ ಉಳಿದಿಲ್ಲ.

ಒರೆಸಲು ಟರ್ಕಿ ಟವೆಲ್ ಮುಟ್ಟಲೇಬಾರದು. ಅದರ ನೂಲಿನ ಕುಣಿಕೆಗೆ ಮೊಳಕೆಯಷ್ಟಿರುವ ಕೂದಲು ಸಿಕ್ಕಿದರೆ ಎಳೆದದ್ದು ಗೊತ್ತೇ ಆಗುವುದಿಲ್ಲ, ಏಕೆಂದರೆ ಚರ್ಮ ಇನ್ನೂ ಜೋಮು ಹಿಡಿದಿರುತ್ತದೆ. ಮುಂದಲೆ ಗಾಳಿಗೇ ಆರಲಿ, ಹಿಂದಲೆಯನ್ನು ಮೆತ್ತನೆಯ ಬಟ್ಟೆಯಿಂದ ಒತ್ತಿಕೊಳ್ಳಿ. ಅಂಗಿಯೂ ಅಷ್ಟೇ, ಎರಡು ವಾರ ಗುಂಡಿ ಇರುವುದೇ ಇರಲಿ. ತಲೆಯ ಮೇಲಿಂದ ತೊಡುವ ಟೀ ಶರ್ಟ್ ಬೇಡ.

ಒಂಬತ್ತು ಹತ್ತನೇ ದಿನದಿಂದ ಕೆಲಸದ ರೀತಿ ಬದಲಾಗುತ್ತದೆ. ನೊರೆಯನ್ನು ಕಾಲು ಗಂಟೆ ಬಿಟ್ಟು ಹಕ್ಕಳೆ ಮೆತ್ತಗಾದ ಮೇಲೆ ಬೆರಳಿನ ಮೆತ್ತನೆಯ ಭಾಗದಿಂದ ಚಿಕ್ಕ ಚಿಕ್ಕ ಸುತ್ತು ಹಾಕುತ್ತ ಸವರಬೇಕು. ಮೊದಲ ದಿನ ಒತ್ತಡವೇ ಇಲ್ಲದ ಹಾಗೆ, ಮರುದಿನ ಸ್ವಲ್ಪ ಹೆಚ್ಚಾಗಿ. ಬಂದಷ್ಟು ಬರಲಿ, ಉಳಿದದ್ದು ನಾಳೆಗೆ. 14ನೇ ದಿನಕ್ಕೆ ತಲೆ ಬಹುಪಾಲು ಹಸನಾಗಿರಬೇಕು. ತೊಳೆಯಲು ಹೆದರಿ ಕೂತವರ ತಲೆಯಲ್ಲಿ ಅಷ್ಟೊತ್ತಿಗೆ ಹಕ್ಕಳೆಗಳೆಲ್ಲ ಒಂದಕ್ಕೊಂದು ಸೇರಿ ಕಂದು ತಗಡಿನಂತೆ ಆಗಿರುತ್ತವೆ, ಅಡಿಯಲ್ಲಿ ಜಿಡ್ಡು ಕೂತು ಕೀವಿಗೆ ದಾರಿಯಾಗುತ್ತದೆ. ಆಗಲೂ ಕೆರೆಯಬಾರದು. ದಿನಕ್ಕೆ ಎರಡು ಸಲ ನೆನೆಸಿ, ಎರಡು ಮೂರು ದಿನದಲ್ಲಿ ಇಳಿಸಬೇಕು.

ಹಕ್ಕಳೆಯ ಜೊತೆ ಕೂದಲೂ ಉದುರುವುದನ್ನು ಕಂಡು ಎದೆ ಧಸಕ್ಕೆನ್ನುವುದು ಸಹಜ. ಬಿದ್ದದ್ದನ್ನು ಬಿಳಿ ಕಾಗದದ ಮೇಲೆ ಇಟ್ಟು ನೋಡಿ. ಒಣ ಕೂದಲು, ತುದಿಯಲ್ಲಿ ಸೂಜಿಮೊನೆಯಷ್ಟು ಬಿಳಿ ಗುಂಡು, ಬಿದ್ದ ಜಾಗದಲ್ಲಿ ರಕ್ತವಿಲ್ಲ: ಇದು ಬರೀ ಕಡ್ಡಿ, ಬುಡ ಒಳಗೇ ಇದೆ. ತೇವವಾದ ಮಾಂಸದ ಚೂರು ಅಂಟಿದ್ದು, ಜಾಗದಲ್ಲಿ ರಕ್ತ ಜಿನುಗಿದರೆ ಗ್ರಾಫ್ಟ್ ಹೋಗಿದೆ ಎಂದರ್ಥ. ಮೊದಲ ದಿನಗಳಲ್ಲಿ ಹಾಗಾದರೆ ಸಲೈನಿನಲ್ಲಿ ನೆನೆದ ಗಾಜ್‌ನಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ, ನಡುವೆ ಎತ್ತಿ ನೋಡಬೇಡಿ. ಬಿದ್ದದ್ದನ್ನು ಸಲೈನಿನಲ್ಲೇ ಹಾಕಿಟ್ಟು ಕ್ಲಿನಿಕ್ಕಿಗೆ ಫೋನ್ ಮಾಡಿ. ನೀವೇ ತುರುಕಲು ಹೋಗಬೇಡಿ, ಪಕ್ಕದ ನಾಲ್ಕು ಕದಲುತ್ತವೆ.

ಹಣೆಯ ಊತ ಮೂರು ನಾಲ್ಕನೇ ದಿನ ಏರಿ ಕಣ್ಣಿನ ಸುತ್ತ ಇಳಿಯುತ್ತದೆ, ವಾರದಲ್ಲಿ ಹೋಗುತ್ತದೆ. ಶಸ್ತ್ರಕ್ರಿಯೆಯ ವೇಳೆ ಚುಚ್ಚಿದ ದ್ರವ ಕೆಳಗೆ ಇಳಿದದ್ದು ಅದು. ಐದಾರು ರಾತ್ರಿ ತಲೆಯನ್ನು 45 ಡಿಗ್ರಿ ಏರಿಸಿ, ಕುತ್ತಿಗೆಗೆ ಯು ಆಕಾರದ ದಿಂಬು ಕೊಟ್ಟು ಅಂಗಾತ ಮಲಗಿದರೆ ಊತವೂ ಕಡಿಮೆ, ನಿದ್ದೆಯಲ್ಲಿ ಹೊರಳಿ ದಿಂಬಿಗೆ ಉಜ್ಜುವ ಭಯವೂ ಇಲ್ಲ. ಐಸ್ ಇಡುವುದಾದರೆ ಹುಬ್ಬಿನ ಮೇಲೆ, ಬಟ್ಟೆ ಸುತ್ತಿ. ಗ್ರಾಫ್ಟ್ ಮೇಲೆ ಎಂದೂ ಬೇಡ.

ತುರಿಕೆ ಐದನೇ ದಿನದ ಆಸುಪಾಸಿನಲ್ಲಿ ಜೋರು. ಸ್ಪ್ರೇ ಒಂದೆರಡು ಸಲ ಹೆಚ್ಚು ಮಾಡಿದರೆ ಅರ್ಧ ತಗ್ಗುತ್ತದೆ. ತಗ್ಗದಿದ್ದರೆ ಅಲರ್ಜಿ ಮಾತ್ರೆ ಕೇಳಿ ತೆಗೆದುಕೊಳ್ಳಿ. ನೋವಿಗೆ ಪ್ಯಾರಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ರಕ್ತ ಜಿನುಗಿಸುತ್ತವೆ. ಆದರೆ ಹೃದಯಕ್ಕೆಂದು ಬರೆದುಕೊಟ್ಟ ಆಸ್ಪಿರಿನ್ನನ್ನು ನೀವಾಗಿ ನಿಲ್ಲಿಸಬೇಡಿ. ಎಫ್‌ಯುಟಿ (ಹಿಂದಲೆಯಿಂದ ಚರ್ಮದ ಪಟ್ಟಿಯನ್ನೇ ಕತ್ತರಿಸಿ ಬುಡ ತೆಗೆಯುವ ವಿಧಾನ) ಆಗಿದ್ದರೆ ಹಿಂದಲೆಯ ಹೊಲಿಗೆ 10-14 ದಿನಕ್ಕೆ ತೆಗೆಯುತ್ತಾರೆ, ಅಲ್ಲಿಯವರೆಗೆ ಮತ್ತು ಆಮೇಲೂ ಕೆಲವು ವಾರ ಬಗ್ಗಿ ಭಾರ ಎತ್ತಿದರೆ ಗೆರೆ ಅಗಲವಾಗುತ್ತದೆ. ಈಜು, ಜಿಮ್‌ನ ಭಾರ, ಬಿಗಿ ಹೆಲ್ಮೆಟ್ ಒಂದು ತಿಂಗಳು ದೂರ. ಕೂದಲು ಬೆಳೆಯಲೆಂದು ತಲೆಗೆ ಹಚ್ಚುವ ಮಿನಾಕ್ಸಿಡಿಲ್ ದ್ರಾವಣದಲ್ಲಿ ಆಲ್ಕೋಹಾಲ್ ಇರುವುದರಿಂದ ಹಸಿ ಗಾಯಕ್ಕೆ ಉರಿಯುತ್ತದೆ. ವೈದ್ಯರು ಹೇಳಿದ ಮೇಲೆಯೇ ಮತ್ತೆ ಶುರು ಮಾಡಿ.

ಮೂರನೇ ದಿನದ ನಂತರ ನೋವು ಇಳಿಯುವ ಬದಲು ಏರಿದರೆ, ಕೆಂಪು ಹರಡುತ್ತಿದ್ದರೆ, ಕೀವು, ವಾಸನೆ, ಜ್ವರ ಇದ್ದರೆ ಅವತ್ತೇ ತೋರಿಸಿ. ನೆಟ್ಟ ಜಾಗದ ನಡುವೆ ಒಂದು ಕಡೆ ಚರ್ಮ ಬೂದಿಯಾಗಿಯೋ ಕಪ್ಪಾಗಿಯೋ ಕಂಡರೆ ಅದು ಹಕ್ಕಳೆಯಲ್ಲ, ರಕ್ತ ಸಿಗದೆ ಚರ್ಮ ಸಾಯುತ್ತಿರುವ ಗುರುತು. ಅದಕ್ಕೆ ಬೆಳಗಾಗುವವರೆಗೂ ಕಾಯಬಾರದು.

ಎರಡನೇ ವಾರದಿಂದ ಆರನೇ ವಾರದೊಳಗೆ ನೆಟ್ಟ ಕೂದಲಿನ ಹೆಚ್ಚಿನ ಪಾಲು ಉದುರುತ್ತದೆ. ಬುಡ ವಿಶ್ರಾಂತಿಗೆ ಹೋಗಿದೆ ಅಷ್ಟೇ, ಹೊಸ ಕಡ್ಡಿ ಮೂರು ನಾಲ್ಕನೇ ತಿಂಗಳಲ್ಲಿ ಇಣುಕುತ್ತದೆ. ಅದೇ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವುದುಂಟು: ಹೊರಬರಲು ದಾರಿ ಸಿಗದ ಕೂದಲು ಚರ್ಮದಡಿ ಸುತ್ತಿಕೊಂಡಿರುತ್ತದೆ. ಬೆಚ್ಚಗಿನ ಒದ್ದೆ ಬಟ್ಟೆಯನ್ನು ದಿನಕ್ಕೆ ಎರಡು ಸಲ ಹತ್ತು ನಿಮಿಷ ಇಟ್ಟರೆ ಒಂದೆರಡು ಗುಳ್ಳೆ ಸಾಮಾನ್ಯವಾಗಿ ತಾನೇ ಒಡೆಯುತ್ತವೆ. ಗುಂಪುಗುಂಪಾಗಿ ಎದ್ದರೆ ಮಾತ್ರ ಔಷಧಿ ಬೇಕಾಗುತ್ತದೆ. ಹಿಸುಕಬೇಡಿ.