ಎಂಟು ಸೆಕೆಂಡಿನ ಟೇಪು: ಸ್ಟೋನ್ಸ್ ತಂಡದ 1967ರ ಆಲ್ಬಂ ನುಡಿಸಿದ ಅನುಭವ

ಬ್ರಿಟನ್ನಿನ ರಾಕ್ ತಂಡ ರೋಲಿಂಗ್ ಸ್ಟೋನ್ಸ್ 1967ರ ಡಿಸೆಂಬರ್‌ನಲ್ಲಿ ಹೊರತಂದ ‘ದೇರ್ ಸಟಾನಿಕ್ ಮೆಜೆಸ್ಟೀಸ್ ರಿಕ್ವೆಸ್ಟ್’ ಆಲ್ಬಮ್ಮಿನ ಕೆಲವು ಹಾಡುಗಳನ್ನು ವೇದಿಕೆಯಲ್ಲಿ ನುಡಿಸಬೇಕೆಂದು ನಮ್ಮ ತಂಡ ತೀರ್ಮಾನಿಸಿದಾಗ, ಕೀಬೋರ್ಡ್ ನನ್ನದಾದ್ದರಿಂದ ಅವನ್ನು ಅಳವಡಿಸುವ ಹೊಣೆಯೂ ನನ್ನ ಮೇಲೆಯೇ ಬಿತ್ತು. ಬ್ಲೂಸ್ ಮತ್ತು ರಾಕ್ ಅಂಡ್ ರೋಲ್‌ನಿಂದ ಹೆಸರು ಮಾಡಿದ್ದವರು ಕನಸಿನಂಥ, ಭ್ರಮೆ ಹುಟ್ಟಿಸುವ ಸದ್ದುಗಳ ಸೈಕೆಡೆಲಿಕ್ ಸಂಗೀತದತ್ತ ಹೊರಳಿದ ಈ ಆಲ್ಬಂ ಒಂದೇ ಹದದ್ದಲ್ಲ ಎಂಬ ಮಾತು ಹಳೆಯದು. ಅದಕ್ಕೆ ಕಾರಣವೇನೆಂಬುದು ಕೇಳುವಾಗಿನದಕ್ಕಿಂತ ನುಡಿಸುವಾಗ ನನಗೆ ಹೆಚ್ಚು ಸ್ಪಷ್ಟವಾಯಿತು: ಒಬ್ಬ ವಾದಕನಾದರೂ ಮರಳಿ ಮರಳಿ ಬರುವ ಒಂದು ಗಟ್ಟಿ ಸ್ವರಗುಚ್ಛವನ್ನು (ರಿಫ್) ಪಟ್ಟಾಗಿ ಹಿಡಿದುಕೊಂಡಿರುವ ಹಾಡುಗಳು ಇಂದಿಗೂ ನಿಲ್ಲುತ್ತವೆ, ಉಳಿದವು ಚದುರಿಹೋಗುತ್ತವೆ.

ಅತಿ ಹೆಚ್ಚು ಶ್ರಮ ಬೇಡಿದ್ದು ‘2000 ಲೈಟ್ ಇಯರ್ಸ್ ಫ್ರಮ್ ಹೋಮ್’. ಅದರ ಮೇಲ್ಪದರವನ್ನು ಸ್ಟೋನ್ಸ್ ತಂಡದ ಬ್ರಯಾನ್ ಜೋನ್ಸ್ ಮೆಲೊಟ್ರಾನ್ ಎಂಬ ಕೀಲಿವಾದ್ಯದಲ್ಲಿ ನುಡಿಸಿದ್ದಾರೆ. ಆ ವಾದ್ಯದಲ್ಲಿ ಪ್ರತಿಯೊಂದು ಕೀಲಿಯ ಕೆಳಗೂ ಒಂದು ಟೇಪಿನ ತುಂಡು ಇರುತ್ತದೆ. ಕೀಲಿ ಒತ್ತಿದರೆ, ಮೊದಲೇ ಧ್ವನಿಮುದ್ರಿಸಿಟ್ಟ ಪಿಟೀಲು ಅಥವಾ ಕೊಳಲಿನ ಸ್ವರ ಹೊರಡುತ್ತದೆ, ಸುಮಾರು ಎಂಟು ಸೆಕೆಂಡಿಗೆ ಟೇಪು ಮುಗಿದು ಸ್ವರ ನಿಂತುಬಿಡುತ್ತದೆ. ನನ್ನ ಡಿಜಿಟಲ್ ಕೀಬೋರ್ಡಿನಲ್ಲಿ ಅಂಥ ಮಿತಿಯಿಲ್ಲ, ಕೈ ತೆಗೆಯುವವರೆಗೂ ಸ್ವರ ಹರಿಯುತ್ತಲೇ ಇರುತ್ತದೆ. ಹಾಗೆ ನುಡಿಸಿದರೆ ಹಾಡು ಮದುವೆಮನೆಯ ಆರ್ಕೆಸ್ಟ್ರಾದಂತೆ ನುಣುಪಾಗಿ ಕೇಳಿಸುತ್ತದೆ. ಆದ್ದರಿಂದ ಮೂರು ಸ್ವರಗಳ ಮೇಳವನ್ನು ಒಟ್ಟಿಗೆ ಹಿಡಿದಿಡದೆ, ಮೊದಲು ಕೆಳಗಿನ ಸ್ವರ, ಆಮೇಲೆ ನಡುವಿನದು, ಕೊನೆಗೆ ಮೇಲಿನದು ಎಂಬಂತೆ ಬೆರಳುಗಳನ್ನು ಸರದಿಯಲ್ಲಿ ಎತ್ತಿ ಮತ್ತೆ ಒತ್ತುವ ಕ್ರಮವನ್ನು ರೂಢಿಸಿಕೊಂಡೆ. ಪ್ರತಿ ಒತ್ತಿನಲ್ಲೂ ಸ್ವರದ ಆರಂಭದ ಸಣ್ಣ ಎಳೆತ ಕೇಳಿಸುವುದರಿಂದ, ಮೇಳ ಒಳಗೊಳಗೇ ಅಲುಗಾಡುತ್ತಿರುವಂತೆ ಭಾಸವಾಗುತ್ತದೆ. ಜೊತೆಗೆ ಶ್ರುತಿಯನ್ನೂ ತುಸು ತೂಗಾಡುವಂತೆ ಹೊಂದಿಸಿದೆ. ಬೇಸ್ ಗಿಟಾರ್‌ನವರು ಇದಕ್ಕೆ ಮುನಿಸಿಕೊಂಡರೂ, ಅವರ ಸ್ವರಗುಚ್ಛ ಬದಲಾಗದೆ ಮರಳಿ ಮರಳಿ ಬರುತ್ತಿದ್ದುದರಿಂದಲೇ ನನಗೆ ಅಷ್ಟು ತೂಗಾಡಲು ಎಡೆ ಸಿಕ್ಕಿತ್ತು.

‘ಶೀಸ್ ಎ ರೇನ್‌ಬೋ’ ಹೆಚ್ಚು ಸತಾಯಿಸಲಿಲ್ಲ. ನಿಕಿ ಹಾಪ್ಕಿನ್ಸ್ ಅವರ ಪಿಯಾನೊ ಎಷ್ಟು ಖಚಿತವಾಗಿದೆಯೆಂದರೆ ಅದನ್ನು ಇದ್ದಹಾಗೆಯೇ ನುಡಿಸುವುದೇ ಸರಿ. ತಂತಿವಾದ್ಯಗಳ ಭಾಗವನ್ನು ಹೊಂದಿಸಿದವರು, ಮುಂದೆ ಲೆಡ್ ಜೆಪೆಲಿನ್ ಎಂಬ ರಾಕ್ ತಂಡ ಸೇರಿದ ಜಾನ್ ಪಾಲ್ ಜೋನ್ಸ್. ಕೊನೆಯಲ್ಲಿ ಆ ತಂತಿಗಳು ಬೇಕೆಂದೇ ಅಪಸ್ವರಕ್ಕೆ ಜಾರುವುದನ್ನು ನಾನು ಕೈಬಿಡಲಿಲ್ಲ, ಏಕೆಂದರೆ ಅದಿಲ್ಲದೆ ಹಾಡು ಬರೀ ಸಿಹಿಯಾಗುತ್ತದೆ.

ಇನ್ನು ‘ಸಿಂಗ್ ದಿಸ್ ಆಲ್ ಟುಗೆದರ್’ನ ಎಂಟು ನಿಮಿಷ ದಾಟುವ ಎರಡನೆಯ ರೂಪ. ತಾಳವಾದ್ಯಗಳು, ಊದುವಾದ್ಯಗಳು, ಕೂಗಾಟ ಎಲ್ಲವೂ ಅದರಲ್ಲಿವೆ, ಆದರೆ ಯಾರೂ ಯಾರಿಗೂ ಕಿವಿಗೊಟ್ಟಂತೆ ತೋರುವುದಿಲ್ಲ. ‘ಗಾಂಪರ್’ನ ಭಾರತೀಯ ಛಾಯೆಯ ಉದ್ದನೆಯ ಭಾಗವೂ ಹೆಚ್ಚುಕಡಿಮೆ ಹೀಗೆಯೇ. ಕರ್ನಾಟಕ ಸಂಗೀತ ಕೇಳಿ ಬೆಳೆದ ನನಗೆ ನಿಧಾನಗತಿ ಬೇಸರವೇನಲ್ಲ. ಆದರೆ ಆಲಾಪನೆಯಲ್ಲಿ ಪ್ರತಿ ಸಂಚಾರವೂ ರಾಗವನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ಯುತ್ತದೆ, ಇಲ್ಲಿ ಸ್ವರಗಳು ಇದ್ದಲ್ಲೇ ಸುತ್ತುತ್ತವೆ. ಹಿಂದಿನ ವರ್ಷವಷ್ಟೇ ‘ಪೇಂಟ್ ಇಟ್ ಬ್ಲ್ಯಾಕ್’ನಲ್ಲಿ ಇದೇ ಬ್ರಯಾನ್ ಜೋನ್ಸ್ ಸಿತಾರನ್ನು ಹಾಡಿನ ಮುಖ್ಯ ಧಾಟಿಗೇ ಕಟ್ಟಿಹಾಕಿ ನುಡಿಸಿದ್ದರೆಂಬುದನ್ನು ನೆನೆದರೆ ಈ ಸಡಿಲತೆ ಇನ್ನಷ್ಟು ಎದ್ದುಕಾಣುತ್ತದೆ. ಆಲ್ಬಂ ತಯಾರಾದ 1967ರಲ್ಲಿ ಮಾದಕವಸ್ತು ಪ್ರಕರಣಗಳಿಂದಾಗಿ ತಂಡದ ಗಾಯಕ ಮಿಕ್ ಜಾಗರ್, ಗಿಟಾರ್ ವಾದಕ ಕೀತ್ ರಿಚರ್ಡ್ಸ್ ಮತ್ತು ಬ್ರಯಾನ್ ಜೋನ್ಸ್ ನ್ಯಾಯಾಲಯಕ್ಕೆ ಅಲೆಯುತ್ತಿದ್ದರು. ನಿರ್ಮಾಪಕ ಆಂಡ್ರ್ಯೂ ಲೂಗ್ ಓಲ್ಡ್‌ಹ್ಯಾಮ್ ನಡುವೆಯೇ ತಂಡವನ್ನು ಬಿಟ್ಟು ಹೋದರು. ಲಂಡನ್ನಿನ ಒಲಿಂಪಿಕ್ ಸ್ಟುಡಿಯೋದಲ್ಲಿ ಸಾಕು ಎಂದು ಹೇಳಿ ನಿಲ್ಲಿಸುವವರು ಇರಲಿಲ್ಲವೆಂಬುದು ಧ್ವನಿಮುದ್ರಣದಲ್ಲೇ ಕೇಳಿಸುತ್ತದೆ. ಈ ಎರಡು ಹಾಡುಗಳನ್ನೂ ನಾನು ಪಟ್ಟಿಯಿಂದ ತೆಗೆದುಹಾಕಿದೆ.

ಅವುಗಳ ಜಾಗಕ್ಕೆ ಬಂದದ್ದು ‘ಸಿಟಾಡೆಲ್’. ಅದಕ್ಕೆ ಕೀಬೋರ್ಡಿನಿಂದ ನಾನು ಹೆಚ್ಚೇನೂ ಸೇರಿಸಲಿಲ್ಲ, ಗಿಟಾರಿನ ಒರಟು ಹೊಡೆತಗಳೇ ಅದಕ್ಕೆ ಸಾಕು. ಅದರ ಬೆನ್ನಿಗೇ, ನಡುವೆ ಮಾತಿಲ್ಲದೆ, 1968ರ ‘ಜಂಪಿನ್ ಜ್ಯಾಕ್ ಫ್ಲ್ಯಾಶ್’ ಎತ್ತಿಕೊಳ್ಳುತ್ತೇವೆ. ಗಿಟಾರ್‌ನವರು ಕೈಯ ಒತ್ತಡವನ್ನು ಬದಲಿಸಬೇಕಾಗಿಯೇ ಬರುವುದಿಲ್ಲ.